ಬನಶಂಕರಿ ಜಾತ್ರಿ ನಾಟಕ: ರಂಭಾ ಖರೇನ ಗುಮ್ಮಟದಿಂದ ಹಾರಿದ್ಳೇನು? ಅರಸನ ಪ್ರೀತಿ ಗೆದ್ದ ಸಾಮಾನ್ಯ ಹೆಣ್ಣಿನ ಕಥಿಗೆ ಆಧಾರ ಬೇಕು

ಮಲಪ್ರಭಾ ದಂಡಿ

ಎಲ್ಲಾರಿಗೂ ಶರಣ್ರಿ. ಬನಶಂಕರಿ ಜಾತ್ರ್ಯಾಗ ಆಡಾಕ ಹವ್ಯಾಸಿ ಸಂಘಕ್ಕ ಒಂದು ನಾಟಕ ಬರಿಯಾಕತ್ತೀನಿ. ಎರಡೂವರಿ ತಾಸಿನ ನಾಟಕ, ಪಾತ್ರ ಒಂಬತ್ತು, ಅದರಾಗ ಹೆಣ್ಣು ಪಾತ್ರ ಮೂರು. ವಿಷಯ ಇಷ್ಟ: ಅರಸುಮನಿತನದಾಗ ಹುಟ್ಟದ ಒಬ್ಬ ಹೆಣ್ಣುಮಗಳು, ಆಕಿನ್ನ ಮನಸಾರೆ ಮೆಚ್ಚಿದ ಒಬ್ಬ ಅರಸ. ಕಥಿ ಬಾಗಲಕೋಟಿ, ವಿಜಯಪುರ, ಬೆಳಗಾವಿ ಈ ಮೂರು ಜಿಲ್ಲಾದ ಮಣ್ಣಿನಾಗಿಂದನ ಬರಬೇಕು ಅನ್ನೂದು ಸಂಘದವರ ಆಸೆ.

ಮೊದಲನೇ ಕರಡಿನಾಗ ಮಹಮ್ಮದ್ ಆದಿಲ್‌ಶಾಹ ಮತ್ತ ನರ್ತಕಿ ರಂಭಾನ ಕಥಿ ತಗೊಂಡೀನಿ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಮ್ಯಾಲೆ ಇಬ್ಬರೂ ನಿಂತಿರ್ತಾರ. "ನನ್ನ ಮ್ಯಾಲಿನ ಪ್ರೀತಿ ಖರೇ ಇದ್ರ ಇಲ್ಲಿಂದ ಹಾರ್ತೀಯೇನು" ಅಂತ ಸುಲ್ತಾನ ಕೇಳ್ತಾನ. ಆಕಿ ಹಾರ್ತಾಳ, ಪರದೆ ಬೀಳ್ತೈತಿ. ಓದಿದವರು ಕೆಲವರು ಚೊಲೊ ಆಗೇತಿ ಅಂದ್ರು, ಇನ್ನ ಕೆಲವರು ಅದು ಬರೇ ದಂತಕಥಿ, ನಮ್ಮ ಸಂಘದ ಹೆಸರಿನಾಗ ಅದನ್ನ ಇತಿಹಾಸ ಅಂತ ಹೇಳಬ್ಯಾಡ್ರಿ ಅಂದ್ರು.

ಬಲ್ಲವರು ತಿಳಿಸ್ರಿ. ರಂಭಾನ ವಿಷಯದಾಗ ಗಟ್ಟಿ ಇದ್ದದ್ದು ಎಷ್ಟು? ಈ ಕಥಿ ಬಿಟ್ರ ನಮ್ಮ ಕಡೆ ಇಂಥಾ ಇನ್ನೊಬ್ಬ ಹೆಣ್ಣುಮಗಳು ಅದಾಳೇನು, ಆಧಾರ ಸಮೇತ? ಗುಮ್ಮಟದ ಪ್ರತಿಧ್ವನಿ ರಂಗದ ಮ್ಯಾಲೆ ಹ್ಯಾಂಗ ತರಬೇಕು ಅನ್ನೂದೂ ಬೇಕಾಗೇತಿ.

ಗುಮ್ಮಟದ ಓಣಿ

ನಮಸ್ಕಾರ್ರಿ. ಕಲ್ಲಿನ್ಯಾಗ ಇದ್ದದ್ದು ಮೊದಲು ಹೇಳ್ತೀನಿ, ಕಥಿ ಆಮ್ಯಾಲೆ ನೋಡೋಣು.

ಗೋಲಗುಮ್ಮಟದ ಒಳಗ ನಟ್ಟನಡುವ ಒಂದು ಎತ್ತರದ ಕಟ್ಟಿ ಅದ, ಅದರ ಮ್ಯಾಲೆ ಗೋರಿಗಳ ಸಾಲು. ಪೂರ್ವದಿಂದ ಪಶ್ಚಿಮಕ್ಕ ಎಣಿಸ್ಕೋತ ಬರ್ರಿ: ಸುಲ್ತಾನನ ಮೊಮ್ಮಗ, ಕಿರಿ ಹೆಂಡತಿ ಅರೂಸ್ ಬೀಬಿ, ಸುಲ್ತಾನ ಮಹಮ್ಮದ್, ಅವನ ಮಗ್ಗಲಿಗೆ ರಂಭಾ, ಆಕಿ ಆಚೆ ಸುಲ್ತಾನನ ಮಗಳು, ಕಡೀಕ ಹಿರಿ ಹೆಂಡತಿ. ಸುಲ್ತಾನನ ಗೋರಿ ಮ್ಯಾಲೆ ಕಟಗಿ ಮಂಟಪ ಅದ, ಹಿಂಗಾಗಿ ದೂರದಿಂದನ ಗುರುತು ಸಿಗ್ತದ. ಇವೆಲ್ಲಾ ಗುರುತಿನ ಗೋರಿ. ಖರೇ ಸಮಾಧಿ ಕೆಳಗ ನೆಲಮಾಳಿಗಿಯೊಳಗ ಅವ, ಅದಕ್ಕ ಮೆಟ್ಟಿಲು ಪಶ್ಚಿಮದ ಬಾಗಿಲ ಹಂತ್ಯಾಕ ಇಳೀತಾವ.

ತನ್ನ ಸಲುವಾಗಿ ತಾನ ಕಟ್ಟಿಸಿದ ಗುಮ್ಮಟದಾಗ, ಹೆಂಡ್ರು ಮಕ್ಕಳ ಸಾಲಿನ್ಯಾಗ, ಮಗಳಿಗಿಂತ ಹತ್ತಿರ, ಒಬ್ಬ ಕುಣಿಯೋ ಹೆಣ್ಣುಮಗಳು ಅದಾಳ. ರಂಭಾನ ಬಗ್ಗೆ ನಿಮಗ ಬೇಕಾದ ದೊಡ್ಡ ಆಧಾರ ಅದ. ಅದರ ಮುಂದ ಹಾರಿದ ಕಥಿ ಭಾಳ ಸಣ್ಣದು.

ಇಲ್ಲೆ ಒಂದು ಎಚ್ಚರ ಹೇಳಬೇಕು. ಗೋರಿಗಳ ತಲಿ ಉತ್ತರಕ್ಕ, ಮೈಯಿ ಪಶ್ಚಿಮಕ್ಕ ಹೊರಳಿಸಿ ಮಲಗಿಸೂದು ಪದ್ಧತಿ. ಹಿಂಗಾಗಿ ಸುಲ್ತಾನನ ಮುಖ ರಂಭಾ ಇದ್ದ ದಿಕ್ಕಿಗೇ ಬರ್ತದ. "ಸತ್ತ ಮ್ಯಾಲೂ ಆಕಿನ್ನ ನೋಡ್ಕೋತ ಮಲಗ್ಯಾನ" ಅಂತ ಮಾತು ಬರಿಯೂ ಆಸೆ ಆಗ್ತದ, ಬರೀಬ್ಯಾಡ್ರಿ. ಅದು ಮಕ್ಕಾದ ದಿಕ್ಕು, ಅಲ್ಲೆ ಎಲ್ಲಾರೂ ಹಂಗ ಮಲಗ್ಯಾರ. ತಿಳಿದವರು ಪ್ರೇಕ್ಷಕರೊಳಗ ಇದ್ರ ಅಲ್ಲೇ ನಾಟಕದ ಮ್ಯಾಲಿನ ನಂಬಿಕಿ ಹೋಗ್ತದ.

ಇನ್ನ ಹಾರಿದ ಕಥಿ. ಗ್ಯಾಲರಿ ನೆಲದಿಂದ 109 ಅಡಿ 6 ಇಂಚು ಎತ್ತರ, ಅಗಲ ಸುಮಾರು 11 ಅಡಿ. ಅಲ್ಲಿಗೆ ಮುಟ್ಟಬೇಕಂದ್ರ ಮೂಲಿ ಮಿನಾರಿನ ಏಳು ಅಂತಸ್ತು ಹತ್ತಬೇಕು, ಮಾಳಿಗಿ ಮ್ಯಾಲೆ ಹೊರಗ ಬರಬೇಕು, ಆಮ್ಯಾಲೆ ಗುಮ್ಮಟದ ದಪ್ಪ ಗ್ವಾಡಿಯೊಳಗಿನ ಬಾಗಿಲದಿಂದ ಒಳಗ ಹೋಗಬೇಕು. ಸುಲ್ತಾನ ಪಟ್ಟಕ್ಕ ಬಂದದ್ದು 1627ರಾಗ. 1646ರ ಸುಮಾರಿಗೆ ಹಾಸಿಗಿ ಹಿಡಿದ, ಮುಂದ ಹತ್ತು ವರ್ಷ ಪೂರಾ ಆರಾಮ ಆಗಲಿಲ್ಲ. ದಕ್ಷಿಣ ಬಾಗಿಲ ಮ್ಯಾಲಿನ ಫಾರಸಿ ಬರಹ ಮೂರು ಭಾಗದಾಗ ಅದ. ಅಕ್ಷರಗಳಿಗೆ ಅಂಕಿ ಹಚ್ಚಿ ಕೂಡಿಸಿದ್ರ ಮೂರರಾಗೂ ಹಿಜರಿ 1067 ಬರ್ತದ, ಅಂದ್ರ 1656, ಅವ ತೀರಿಕೊಂಡ ವರ್ಷ. ಗುಮ್ಮಟ ಮ್ಯಾಲೆ ಎದ್ದ ಕಾಲಕ್ಕ ಸುಲ್ತಾನ ರೋಗಿ. ಅವನ್ನ ಏಳು ಅಂತಸ್ತು ಹತ್ತಿಸಿ ಗೆಳತಿಗೆ ಪರೀಕ್ಷಾ ಇಡಿಸೂದು ಹೊಂದೂದಿಲ್ಲ. ಎತ್ತರದ ಜಾಗಾ ಒಂದು ಕಣ್ಣಮುಂದ ಇದ್ರ ಹಾರಿದ ಕಥಿ ತಾನ ಹುಟ್ಟತದ. ಎಲ್ಲಾ ಊರಿನ ಕ್ವಾಟಿ ಕೊತ್ತಲದಾಗೂ ಅಂಥಾ ಕಥಿ ಒಂದೊಂದು ಇರ್ತಾವ.

ನಾಟಕದ ದೃಷ್ಟಿಯಿಂದನೂ ಅದು ಸೊರಗಿದ ಕಡೀ ದೃಶ್ಯ. "ಹಾರು" ಅಂದಕೂಡಲೇ ಹಾರೂದ್ರಾಗ ಆಕಿ ಪ್ರೀತಿ ಎಲ್ಲಿ ಕಾಣಸ್ತದ? ಹೇಳಿದ್ದು ಕೇಳೂದಷ್ಟ ಕಾಣಸ್ತದ.

ಬರೀಬೇಕಂದ್ರ ಆ ಹತ್ತು ವರ್ಷದ ಹಾಸಿಗಿ ಬರೀರಿ. ಸುಲ್ತಾನನ ಬೇಗಂ ಗೋಲ್ಕೊಂಡಾದ ಅರಸುಮಗಳು ಖದೀಜಾ ಸುಲ್ತಾನಾ, ಎಲ್ಲಾರೂ ಬಡೀ ಸಾಹಿಬಾ ಅಂತಿದ್ರು. ಗಂಡ ಮಲಗಿದ ಮ್ಯಾಲೆ ರಾಜ್ಯದ ವ್ಯವಹಾರದಾಗ ಆಕಿ ಕೈ ದೊಡ್ಡದಾತು. ಒಬ್ಬಾಕಿ ಕೈಯಾಗ ಮೊಹರು, ಇನ್ನೊಬ್ಬಾಕಿ ಕಾಲಾಗ ಗೆಜ್ಜಿ. ದರ್ಬಾರಿಗೆ ಎದ್ದು ಹೋಗಲಿಕ್ಕೆ ಆಗದ ಅರಸನ ಮುಂದ ಗೆಜ್ಜಿಯಾಕಿ ಏನು ಮಾಡ್ತಾಳ? ನೋಡುವವ ಒಬ್ಬನ ಇದ್ದಾಗ ಆಕಿ ಕುಣಿತ ಯಾರ ಸಲುವಾಗಿ? ನಿಮ್ಮ ಮೂರು ಹೆಣ್ಣು ಪಾತ್ರದಾಗ ಎರಡು ಇಲ್ಲೇ ಸಿಕ್ಕವು. ಜಹಾನ್ ಬೇಗಂ ನೆನಪಿಗೆ 1651ರಾಗ ಬೇಗಂ ತಲಾಬ್ ಕಟ್ಟಿಸಿದ್ದೂ ಇದ ಸುಲ್ತಾನ. ಬೇಗಂ ಹೆಸರಿಗೆ ಕೆರಿ ಬಂತು, ರಂಭಾ ಹೆಸರಿಗೆ ಕೆರಿ ಇಲ್ಲ ಬಾವಿ ಇಲ್ಲ, ಮಗ್ಗಲಿನ ಆರಡಿ ಜಾಗಾ ಬಂತು.

ಮಾತಿನ ವಿಷಯ: ಲಖನೌದ ಉರ್ದು ಹಾಕಬ್ಯಾಡ್ರಿ. ಆದಿಲ್‌ಶಾಹಿ ದರ್ಬಾರಿನ ಕಾಗದ ಫಾರಸಿ, ಮನಿ ಮಾತು ದಖನಿ. ರಂಭಾನ ಬಾಯಾಗ ನಮ್ಮ ಕನ್ನಡದ ನಡುವ ಒಂದೊಂದು ದಖನಿ ಮಾತು ಬಂದ್ರ ಸಾಕು.

ಹಳಗನ್ನಡ ಓದುಗ

ಗುಮ್ಮಟದ ಓಣಿಯವರು ಹೇಳಿದ್ದು ಸರಿಯಾಗಿದೆ. ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬಾದಾಮಿಯಿಂದ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದ ಮಹಾಕೂಟಕ್ಕೆ ಹೋಗಿ. ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬವೊಂದರ ಮೇಲೆ ಕನ್ನಡ ಶಾಸನವಿದೆ. ಅದರಲ್ಲಿ ನಿಮ್ಮ ನಾಯಕಿ ಇದ್ದಾಳೆ: ವಿನಾಪೋಟಿ.

ಅವಳನ್ನು ಪ್ರೀತಿಸಿದವನು ಬಾದಾಮಿ ಚಾಲುಕ್ಯರ ವಿಜಯಾದಿತ್ಯ. ಆಳಿದ್ದು 696ರಿಂದ 733, ಆ ವಂಶದಲ್ಲಿ ಅಷ್ಟು ದೀರ್ಘವಾಗಿ, ಅಷ್ಟು ನೆಮ್ಮದಿಯಿಂದ ಆಳಿದವರು ಕಡಿಮೆ. ಶಾಸನ ಅವನ ಬಿರುದುಗಳನ್ನೆಲ್ಲ ಸಾಲಾಗಿ ಹೇಳಿ, "ಭಟಾರರಾ ಪ್ರಾಣವಲ್ಲಭೆ" ಎಂದು ಅವಳನ್ನು ಕರೆಯುತ್ತದೆ. ಅಂದರೆ ಒಡೆಯನ ಪ್ರಾಣಕ್ಕೆ ಪ್ರಿಯಳಾದವಳು. ಅದರ ಬೆನ್ನಿಗೇ, ಒಂದಕ್ಷರ ಮುಚ್ಚಿಡದೆ, "ವಿನಾಪೋಟಿಗಳ್ ಎಂಬೋರ್ ಸೂಳೆಯರ್" ಎನ್ನುತ್ತದೆ. ಆಮೇಲೆ ಅವಳ ಮನೆತನ ಬರುತ್ತದೆ, ಮೂರು ತಲೆಮಾರು: ಅಜ್ಜಿ ರೇವಮಂಚಲು, ಆಕೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ. ಅಪ್ಪನ ಹೆಸರಿಲ್ಲ, ಅಜ್ಜನ ಹೆಸರಿಲ್ಲ. ವಂಶಾವಳಿಯ ಆ ಜಾಗದಲ್ಲಿ ಮೂವರು ಹೆಂಗಸರು ಮಾತ್ರ ನಿಂತಿದ್ದಾರೆ.

"ಗಳ್" ಎಂಬುದನ್ನು ಗಮನಿಸಿ. ಒಬ್ಬಳೇ ಹೆಂಗಸು, ಆದರೆ ಬಹುವಚನ. ಅದು ಗೌರವದ ಬಹುವಚನ, ನಾವು ಇವತ್ತು "ಅವರು ಬಂದರು" ಅನ್ನುವ ಹಾಗೆ. ಅಜ್ಜಿಗೂ ತಾಯಿಗೂ ಅದೇ ಮರ್ಯಾದೆ. ಕಲ್ಲು ಕೆತ್ತಿಸಿದವರಿಗೆ ಸೂಳೆ ಎಂಬ ಮಾತು ಮತ್ತು ಆ ಗೌರವ ಒಂದೇ ಸಾಲಿನಲ್ಲಿ ಬರುವುದು ಕಷ್ಟವಾಗಿರಲಿಲ್ಲ.

ಅವಳು ಮಾಡಿದ್ದೇನು? ಇಲ್ಲಿಯೇ ನಿಮ್ಮ ನಾಟಕ ಇರುವುದು. ಹಿರಣ್ಯಗರ್ಭ ದಾನ ಮಾಡಿದಳು. ದೇವರ ಪೀಠವನ್ನು "ಕಿಸುವಿನೆ ಕಟ್ಟಿ", ಅಂದರೆ ಕೆಂಪು ಮಾಣಿಕ್ಯದಿಂದ ಕಟ್ಟಿಸಿದಳು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್ ಅಂದರೆ ಕೆಂಪು ಊರು, ಅದೇ ಕಿಸು ಇಲ್ಲಿಯದೂ. ಮೇಲೆ ಬೆಳ್ಳಿಯ ಕೊಡೆ ಏರಿಸಿದಳು. ಮಂಗಳುಳ್ಳೆ ಎಂಬಲ್ಲಿ "ಅಷ್ಟಶತಂ" ಹೊಲ ಕೊಟ್ಟಳು. ಇದನ್ನು 800 ಎಂದು ಓದಿದ್ದಾರೆ. ಅಳತೆಯ ಹೆಸರು ಕಲ್ಲಿನ ಮೇಲಿಲ್ಲ, ಹಾಗಾಗಿ ಎಕರೆ, ಕೂರಿಗೆ ಎಂದೆಲ್ಲ ಸಂಭಾಷಣೆಯಲ್ಲಿ ಸೇರಿಸಬೇಡಿ. ಕೊನೆಗೆ, ಇದನ್ನು ಹಾಳುಮಾಡಿದವನು ಪಂಚಮಹಾಪಾತಕಿ ಎಂಬ ಶಾಪದ ಮಾತು.

ಹಿರಣ್ಯಗರ್ಭ ಎಂದರೆ ಏನೆಂದು ಪ್ರೇಕ್ಷಕರಿಗೆ ತಿಳಿಯದಿದ್ದರೆ ಕಥೆಯ ಅರ್ಧ ಬಲ ಹೋಗುತ್ತದೆ. ಅದು ಹದಿನಾರು ಮಹಾದಾನಗಳಲ್ಲಿ ಒಂದು. ಮತ್ಸ್ಯಪುರಾಣದ ಲೆಕ್ಕದಲ್ಲಿ ಚಿನ್ನದ ಕುಂಡ 72 ಅಂಗುಲ ಎತ್ತರ, 48 ಅಂಗುಲ ಅಗಲ. ದಾನ ಮಾಡುವವರು ಅದರೊಳಗೆ ಇಳಿದು, ತಲೆಯನ್ನು ಮೊಣಕಾಲುಗಳ ನಡುವೆ ಇಟ್ಟು, ಗರ್ಭದಲ್ಲಿನ ಕೂಸಿನಂತೆ ಐದು ಉಸಿರಿನಷ್ಟು ಹೊತ್ತು ಕೂರುತ್ತಾರೆ. ಹೊರಗೆ ಪುರೋಹಿತರು ಗರ್ಭಾಧಾನ, ಪುಂಸವನ, ಸೀಮಂತದ ಮಂತ್ರ ಹೇಳುತ್ತಾರೆ. ಎಬ್ಬಿಸಿ ಹೊರಗೆ ತಂದ ಮೇಲೆ ಜಾತಕರ್ಮ, ಆಗತಾನೇ ಹುಟ್ಟಿದ ಮಗುವಿಗೆ ಮಾಡುವ ಹಾಗೆ. ಬಳಿಕ ಆ ಚಿನ್ನವನ್ನು ದಾನ ಕೊಡುತ್ತಾರೆ.

ಬಾದಾಮಿಯ ಬಂಡೆಯ ಮೇಲೆ 543ರಲ್ಲಿ ಒಂದನೇ ಪುಲಕೇಶಿ ಬರೆಸಿದ್ದು ನೆನಪಿಸಿಕೊಳ್ಳಿ. ಕೋಟೆ ಕಟ್ಟಿ ರಾಜ್ಯ ಶುರುಮಾಡಿದ ಆ ಮನುಷ್ಯ ತನ್ನನ್ನು "ಹಿರಣ್ಯಗರ್ಭಸಂಭೂತ" ಎಂದು ಕರೆದುಕೊಂಡ. ಅರಸನಾಗಲು ಅವನಿಗೆ ಬೇಕಾಗಿದ್ದು ಚಿನ್ನದ ಗರ್ಭದಿಂದ ಇನ್ನೊಂದು ಹುಟ್ಟು. ನೂರೈವತ್ತು ವರ್ಷ ಕಳೆದ ಮೇಲೆ ಅದೇ ವಂಶದವರು ನಡೆದುಕೊಳ್ಳುವ ಗುಡಿಯಲ್ಲಿ, ಅದೇ ಗರ್ಭದೊಳಗೆ, ಸೂಳೆಯ ಮಗಳು ಇಳಿದು ಎದ್ದಳು. ಪಟ್ಟದ ರಾಣಿಯಾಗಲು ಅವಳಿಗೆ ಹುಟ್ಟು ಅಡ್ಡ ಬಂದಿದ್ದರೆ, ಅವಳು ಮಾಡಿದ್ದು ಇನ್ನೊಮ್ಮೆ ಹುಟ್ಟಿದ್ದು. ಇದು ನನ್ನ ಓದು, ಶಾಸನ ಇಷ್ಟು ಬಿಡಿಸಿ ಹೇಳುವುದಿಲ್ಲ. ಆದರೆ ಆ ಒಂದು ದಾನವನ್ನೇ ಅವಳು ಯಾಕೆ ಆರಿಸಿಕೊಂಡಳು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಕಾರಣ ನನಗೆ ಕಾಣುವುದಿಲ್ಲ.

ನಟರು ಹೆಸರನ್ನು ಸರಿಯಾಗಿ ಹೇಳಲಿ. ವಿನಾಪೋಟಿ, ಮೊದಲಕ್ಷರ ಹ್ರಸ್ವ. ವೀಣೆ ಬಾರಿಸುತ್ತಿದ್ದಳು ಎಂದು ವೀಣೆಯನ್ನು ತಂದು ಜೋಡಿಸಬೇಡಿ. ಶಾಸನ ನೋಡಲು ಹೋದಾಗ ಮೊಬೈಲಿನ ದೀಪವನ್ನು ಅಕ್ಷರಗಳಿಗೆ ನೇರ ಹಿಡಿದರೆ ಕಲ್ಲು ಬೆಳ್ಳಗೆ ಕಂಡು ಏನೂ ಓದಲಾಗುವುದಿಲ್ಲ. ದೀಪವನ್ನು ಕಂಬದ ಮೈಗೆ ತಾಗಿದಂತೆ ಪಕ್ಕದಿಂದ ಹಿಡಿಯಿರಿ. ಅಕ್ಷರದ ಗುಳಿಯಲ್ಲಿ ನೆರಳು ಬಿದ್ದು ಒಂದೊಂದೇ ಎದ್ದು ಬರುತ್ತದೆ. ಸುಣ್ಣ, ಸೀಮೆಸುಣ್ಣ, ಎಣ್ಣೆ ಏನನ್ನೂ ಹಚ್ಚಬೇಡಿ. ಎಣ್ಣೆ ಧೂಳನ್ನು ಹಿಡಿದು ಗುಳಿ ತುಂಬುತ್ತದೆ, ಮುಂದಿನವರಿಗೆ ಓದಲು ಉಳಿಯುವುದಿಲ್ಲ.

ಮಲಪ್ರಭಾ ದಂಡಿ

ಇಬ್ಬರಿಗೂ ಕೈಮುಗಿದೆ. ವಿನಾಪೋಟಿ ಹೆಸರ ಕೇಳಿದ್ದಿಲ್ಲ, ಮಹಾಕೂಟಕ್ಕ ಹೋಗಿ ಪುಷ್ಕರಣಿ ನೋಡಿ ಬರೂದಷ್ಟ ಗೊತ್ತಿತ್ತು. ಕಥಿ ಆಕಿದ ತಗೋಬೇಕು ಅನಸಾಕತ್ತೈತಿ. ಎರಡು ತೊಡಕು ಅದಾವ್ರಿ. ಜಾತ್ರ್ಯಾಗ ಹೆಣ್ಣುಮಕ್ಕಳು ಮಕ್ಕಳು ಎಲ್ಲಾರೂ ಕುಂತಿರ್ತಾರ, "ಸೂಳೆ" ಅನ್ನೂ ಶಬ್ದ ಮೈಕಿನ್ಯಾಗ ಹ್ಯಾಂಗ ಹೇಳೂದು? ಎರಡನೇದು, ಆ ಚಿನ್ನದ ಕುಂಡ ರಂಗದ ಮ್ಯಾಲೆ ಮಾಡೂದು ಹ್ಯಾಂಗ? ನಮ್ಮ ಹತ್ರ ರೊಕ್ಕ ಕಡಿಮಿ.

ಪರದೆ ಹಿಂದ

ಕುಂಡ ಮಾಡೂದು ದೊಡ್ಡ ಕೆಲಸ ಅಲ್ಲ ಬಿಡ್ರಿ, ಲೆಕ್ಕ ಸರಿ ಇಟ್ಟರ ಆತು. 24 ಅಂಗುಲಕ್ಕ ಒಂದು ಮೊಳ, ಅಂದ್ರ ಒಂದೂವರಿ ಅಡಿ. 72 ಅಂಗುಲ ಅಂದ್ರ ನಾಲ್ಕೂವರಿ ಅಡಿ ಎತ್ತರ, 48 ಅಂಗುಲ ಅಂದ್ರ ಮೂರು ಅಡಿ ಅಗಲ. ಒಬ್ಬ ಹೆಣ್ಣುಮಗಳು ಮೊಣಕಾಲ ಮಡಚಿ ಕುಂಡ್ರಾಕ ಅಳತಿ ಮಾಡಿ ಇಟ್ಟಂಗ ಐತಿ.

ಹಂಡೆ, ಡ್ರಮ್ಮು ಹುಡುಕಬ್ಯಾಡ್ರಿ. ಮೇದಾರರ ಹತ್ರ ಹೋಗಿ ಈ ಅಳತಿಗೆ ಬಿದಿರಿನ ಕಣಜ ಹೆಣಿಸ್ರಿ, ತಳ ಬ್ಯಾಡ ಅನ್ನಿ. ಬಾಯಿ ಅಗಲ ಕಡಿಮಿ ಮಾಡಬ್ಯಾಡ್ರಿ. ಗಡಿಗಿ ಆಕಾರ ಚಂದ ಕಾಣ್ತೈತಿ ಅಂತ ಬಾಯಿ ಸಣ್ಣದು ಮಾಡಿಸಿದ್ರ ಒಳಗ ಇಳದಾಕಿ ಹೊರಗ ಬರೂ ಹೊತ್ತಿಗೆ ಭುಜ ಸಿಗತಾವು, ಅಷ್ಟೊತ್ತಿಗೆ ಮಂಗಳವಾದ್ಯ ಮುಗದಿರ್ತೈತಿ. ಹಿಂದಿನ ಮಗ್ಗಲಿಗೆ ಎರಡಡಿ ಅಗಲ ಮೂರಡಿ ಎತ್ತರದ ಕಿಂಡಿ ಬಿಡಿಸ್ರಿ. ಪ್ರೇಕ್ಷಕರಿಗೆ ಆಕಿ ಮ್ಯಾಲಿಂದ ಇಳದಂಗ ಕಾಣಬೇಕು, ಅದಕ್ಕ ಹಿಂದ ಒಂದು ಗಟ್ಟಿ ಸ್ಟೂಲು ಬೇಕು. ಒಳಗ ಕುಂತ ಮ್ಯಾಲೆ ಕಿಂಡಿಯಿಂದ ಒಬ್ಬರು ಸೀರಿ ಸೆರಗ ಬದಲಿಸಿ ಕೊಡಬಹುದು. ಮಾಸಲು ಬಟ್ಟಿಯಾಗ ಇಳದಾಕಿ ಹೊಳಿಯೂ ಬಟ್ಟಿಯಾಗ ಎದ್ದು ಬರ್ತಾಳ.

ಕಣಜದ ಸುತ್ತಳತಿ ಒಂಬತ್ತೂವರಿ ಅಡಿ, ಎತ್ತರ ನಾಲ್ಕೂವರಿ, ಒಟ್ಟು ಸುಮಾರು 43 ಚದರ ಅಡಿ. 20 ಇಂಚು 30 ಇಂಚಿನ ಬಂಗಾರ ಬಣ್ಣದ ಹಾಳಿ ಒಂದು ನಾಲ್ಕು ಚದರ ಅಡಿ ಆಗ್ತೈತಿ. ಒಂದರ ಮ್ಯಾಲೊಂದು ಹತ್ತಿಸೂದು, ಅಂಚು ಮಡಚೂದು ಸೇರಿ 14 ಹಾಳಿ ತರ್ರಿ. ಹಾಳಿ ನೇರ ಬಿದಿರಿಗೆ ಹಚ್ಚಿದ್ರ ಹೆಣಿಗಿಯ ಗೆರಿ ಎದ್ದು ಕಾಣತಾವು, ದೀಪದ ಬೆಳಕಿಗೆ ಬುಟ್ಟಿ ಅಂತ ಗೊತ್ತಾಗ್ತೈತಿ. ಮೊದಲು ಹಳೇ ಸೀರಿ ಬಟ್ಟಿ ಮೈದಾ ಅಂಟಿನ್ಯಾಗ ಅದ್ದಿ ಸುತ್ತರಿ, ಒಂದು ದಿನ ಬಿಸಲಾಗ ಒಣಗಿಸ್ರಿ, ಆಮ್ಯಾಲೆ ಹಾಳಿ. ಬಾಯಿ ಅಂಚಿಗೆ ದಪ್ಪ ಬಟ್ಟಿ ಹೊಲಿದು ಕಟ್ರಿ. ಬಿದಿರ ಸಿಬರಿಗೆ ಸೀರಿ ಸಿಕ್ಕರ ಹರಿಯೂದು ಗ್ಯಾರಂಟಿ, ಕೈಗೂ ಚುಚ್ಚತೈತಿ.

ಹೋಮದ ಬೆಂಕಿ ಕುಂಡದಿಂದ ಆರಡಿಯೊಳಗ ಬರಬಾರದು. ಬಿದಿರು, ಬಟ್ಟಿ, ಹಾಳಿ ಮೂರೂ ಉರಿಯೂವ, ಒಳಗ ಜೀವ ಐತಿ. ಕರ್ಪೂರದ ಬದಲಿ ಹೋಮಕುಂಡದಾಗ ಕೆಂಪು ಹಳದಿ ಬಲ್ಬು ಇಟ್ಟು ಮ್ಯಾಲೆ ಸಣ್ಣ ರೇಷ್ಮಿ ಬಟ್ಟಿ ತುಂಡು ಕಟ್ಟಿ ತಳಕ್ಕ ಟೇಬಲ್ ಫ್ಯಾನ್ ಹಚ್ಚಿದ್ರ ಉರಿ ಕಂಡಂಗ ಕಾಣ್ತೈತಿ.

ಬೆಳ್ಳಿ ಕೊಡೆಗೆ ಅಲ್ಯುಮಿನಿಯಂ ಹಾಳಿ ಬಳಸ್ತಾರ. ಎದುರಿನ ದೀಪದ ಬೆಳಕು ಅದರಿಂದ ಸಿಡದು ಪ್ರೇಕ್ಷಕರ ಕಣ್ಣಿಗೆ ಹೊಡಿತೈತಿ. ಹಾಳಿನ ಒಂದ್ಸಲ ಕೈಯಾಗ ಮುದುಡಿ ಬಿಚ್ಚಿ ಹಚ್ಚರಿ, ಹಳೇ ಬೆಳ್ಳಿ ಹಂಗ ಮಂಕಾಗಿ ಕಾಣ್ತೈತಿ.

ಉಡುಗಿ ವಿಷಯ ಒಂದ ಮಾತು: ಇಳಕಲ್ ಸೀರಿ, ಗುಳೇದಗುಡ್ಡ ಖಣ ನಮ್ಮ ಹೆಮ್ಮಿ ಖರೆ, ಆದರ ಚಾಲುಕ್ಯರ ಕಾಲದ ಮೂರ್ತಿ ಮೈಮ್ಯಾಲೆ ಅಂಥಾ ಸೆರಗು ಇಲ್ಲ, ಖಣದ ಕುಬಸ ಅಂತೂ ಇಲ್ಲ. ಐಹೊಳಿ ದುರ್ಗ ಗುಡಿ ಕಂಬದ ಮ್ಯಾಲಿನ ಜೋಡಿಗಳನ್ನ ನೋಡ್ರಿ. ಸ್ವಂಟಕ್ಕ ಸುತ್ತಿದ ತೆಳು ಬಟ್ಟಿ, ಅಗಲ ಡಾಬು, ತೋಳಬಂದಿ, ದೊಡ್ಡ ಕಿವಿ ಓಲಿ, ಎತ್ತಿ ಕಟ್ಟಿದ ತುರುಬು. ನಟಿಯರಿಗೆ ಸಂಕೋಚ ಆಗದಂಗ ಮೈಬಣ್ಣದ ಪೂರ್ತಿ ತೋಳಿನ ಕುಬಸ, ಅದರ ಮ್ಯಾಲೆ ಉತ್ತರೀಯ, ಕೆಳಗ ಅಂಚಿಲ್ಲದ ಹತ್ತಿ ಸೀರಿ ಕಚ್ಚೆ. ಅಂಚು ಬೇಕಂದ್ರ ಮೂರು ಬಳ್ಳಿನಷ್ಟು ಸಾದಾ ಬಣ್ಣದ ಪಟ್ಟಿ ಹೊಲಸ್ರಿ.

ಪರದೆ ಬರಿಯುವವರಿಗೂ ಹೇಳಿ ಇಡ್ರಿ. ಗೋಲಗುಮ್ಮಟ ಅಂದಕೂಡಲೇ ಈರುಳ್ಳಿ ಆಕಾರದ ಗುಮ್ಮಟ, ನಾಲ್ಕು ಕಡೆ ಬ್ಯಾರೆ ನಿಂತ ಮಿನಾರು ಬರದುಬಿಡ್ತಾರ, ಅದು ಆಗ್ರಾದ್ದು ಆಗ್ತೈತಿ. ನಮ್ಮದು ಅರ್ಧ ಚಂಡು, ಬುಡದಾಗ ಕಮಲದ ಎಸಳು, ಮಿನಾರು ಮೂಲಿಗೆ ಅಂಟಿಕೊಂಡ ಎಂಟು ಮೂಲಿಯವು, ಏಳು ಅಂತಸ್ತು. ಮಹಾಕೂಟ ಬರದ್ರ ಮಹಾಕೂಟೇಶ್ವರನ ಶಿಖರ ದ್ರಾವಿಡ ಶೈಲಿದು, ಮ್ಯಾಲೆ ಎಂಟು ಮೂಲಿ ಗುಮ್ಮಟ ಇದ್ದಂಗ. ಅದರ ಸನೇದ ಸಂಗಮೇಶ್ವರನ್ದು ಬಾಗಿದ ನಾಗರ ಶಿಖರ. ಇವೆರಡೂ ಒಂದ ಪರದೆ ಮ್ಯಾಲೆ ಬಂದ್ರ ನೋಡಿದವರು ಥಟ್ಟನ ಊರ ಗುರುತು ಹಿಡಿತಾರ.

ಪ್ರತಿಧ್ವನಿ: ಗುಮ್ಮಟದ ಒಳ ವ್ಯಾಸ 124 ಅಡಿ 5 ಇಂಚು, ಹತ್ರಹತ್ರ 38 ಮೀಟರ್. ಧ್ವನಿ ಎದುರಿನ ಗ್ವಾಡಿಗೆ ಹೋಗಿ ಬರಾಕ 76 ಮೀಟರ್ ದಾರಿ, ಸೆಕೆಂಡಿಗೆ 340 ಮೀಟರ್ ಹಿಡದ್ರ ಸೆಕೆಂಡಿನ ನೂರರಾಗ 22 ಪಾಲು. ಮಿಕ್ಸರಿನ್ಯಾಗ ಡಿಲೇ 220 ಮಿಲಿಸೆಕೆಂಡಿಗೆ ಇಡ್ರಿ, ಮರಳಿ ಬರೂ ಪ್ರಮಾಣ ನೂರಕ್ಕ 60ರ ಆಸುಪಾಸು. ಏಳು ಸಲ ಕೇಳಿಸಿ ತಾನ ಸಣ್ಣಗಾಗ್ತೈತಿ. 80 ದಾಟಿಸಿದ್ರ ಮೊದಲಿಂದು ಅಳಿಯೂದ್ರಾಗ ಮುಂದಿಂದು ಬಂದು ಕೂಡಿ ಬರೇ ಗದ್ದಲ. ಮಾತಿಗಂತೂ ಇದನ್ನ ಹಚ್ಚಬ್ಯಾಡ್ರಿ. ಎರಡಕ್ಷರದ ಹೆಸರು ಬಾಯಿಂದ ಮುಗಿಯೂದ್ರಾಗ ಅದರ ಮೊದಲ ಪ್ರತಿಧ್ವನಿ ಬಂದಿರ್ತೈತಿ, ಒಂದೂ ತಿಳಿಯಂಗಿಲ್ಲ. ಗೆಜ್ಜಿಗೆ ಹಚ್ಚರಿ. ರಂಗದ ನೆಲಕ್ಕ ಒಂದು ಮೈಕು, ರಂಭಾ ಒಂದ ಸಲ ಕಾಲ ತಟ್ಟತಾಳ, ಏಳು ಸಲ ಗೆಜ್ಜಿ ಕೇಳಸ್ತೈತಿ. ಆ ಮೈಕು ಉಳದ ಹೊತ್ತಿನ್ಯಾಗ ಬಂದ್ ಇರಬೇಕು, ಇಲ್ಲಾಂದ್ರ ಬಾಜೂ ಕಂಪನಿ ನಾಟಕದ ಹಾಡೂ ಏಳು ಸಲ ಕೇಳಸ್ತೈತಿ.

ಕೃಷ್ಣಾ ಕಾಲುವೆ

ಒಂದು ತಕರಾರು ಐತ್ರಿ. ವಿನಾಪೋಟಿನ್ನ "ಸಾಮಾನ್ಯ ಹೆಣ್ಣು" ಅಂತ ಕರಿಯೂದು ಸರಿ ಏನು? ಮಾಣಿಕ್ಯದ ಪೀಠ, ಬೆಳ್ಳಿ ಕೊಡೆ, ಹೊಲ ದಾನ ಕೊಡಾಕ ಆಕಿ ಹತ್ರ ಸಂಪತ್ತು ಇತ್ತು. ಮೂರು ತಲಿಮಾರಿನ ಕಸುಬು ಇತ್ತು. ಬಡ ಹುಡುಗಿ ಅರಮನಿ ಕಿಟಕಿ ನೋಡ್ಕೋತ ನಿಟ್ಟುಸಿರ ಬಿಡೂ ಕಥಿ ಮಾಡಿದ್ರ ಶಾಸನಕ್ಕ ಅನ್ಯಾಯ ಆಗ್ತೈತಿ. "ಪ್ರಾಣವಲ್ಲಭೆ" ಅನ್ನೂದೂ ಬರೇ ಬಿರುದು ಇರಬಹುದು.

ಹಳಗನ್ನಡ ಓದುಗ

ಒಳ್ಳೆಯ ತಕರಾರು, ಮೊದಲರ್ಧವನ್ನು ಪೂರ್ತಿ ಒಪ್ಪುತ್ತೇನೆ. ಅವಳು ಬಡವಿಯಲ್ಲ. ನೃತ್ಯ ಸಂಗೀತ ಕಲಿತು, ಸ್ವಂತ ಆಸ್ತಿ ಇಟ್ಟುಕೊಂಡು, ಸ್ವಂತ ಹೆಸರಿನಲ್ಲಿ ದಾನ ಕೊಡುವ ಹೆಂಗಸರ ವರ್ಗ ಅದು. ಪಟ್ಟದಕಲ್ಲಿನಲ್ಲಿ ರಾಷ್ಟ್ರಕೂಟ ಧ್ರುವನ ಕಾಲದ ಶಾಸನದಲ್ಲಿ ಗೋಯಿಂದಪೊದ್ದಿಯ ಮಗಳು ಬಾದಿಪೊದ್ದಿ ಎಂಬ ಗುಡಿಯ ಸೂಳೆ ಕುದುರೆಯ ರಥ, ಆನೆಯ ರಥ ದಾನ ಕೊಟ್ಟಿದ್ದಾಳೆ. ಹೆಸರಿನ ಕೊನೆಯ ಪೋಟಿ, ಪೊದ್ದಿ ಕೂಡ ಒಂದೇ ಬಳಗದವು ಎಂದು ಕಿವಿಗೆ ಅನಿಸುತ್ತದೆ. ಹಾಗಾಗಿ ಕಿಟಕಿಯ ಕೆಳಗಿನ ನಿಟ್ಟುಸಿರು ಬೇಡ.

ಆದರೆ ಅರಸುಮನೆತನದ ಲೆಕ್ಕದಲ್ಲಿ ಅವಳು ಹೊರಗಿನವಳೇ. ಅದನ್ನು ಅಳೆಯಲು ಮಹಾಕೂಟದ್ದೇ ಇನ್ನೊಂದು ಕಲ್ಲಿದೆ. 602ರಲ್ಲಿ ಮಂಗಲೇಶ ನಿಲ್ಲಿಸಿದ ಜಯಸ್ತಂಭದ ಸಂಸ್ಕೃತ ಶಾಸನದಲ್ಲಿ ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿ ಬರುತ್ತಾಳೆ. ಅವಳ ಕುಲದ ಹೆಸರಿದೆ, ಗುಣದ ಹೊಗಳಿಕೆಯಿದೆ, ಅದೇ ಮಕುಟೇಶ್ವರನಿಗೆ, ಅಂದರೆ ಮಹಾಕೂಟೇಶ್ವರನಿಗೆ, ಹತ್ತು ಊರು ದಾನವಿದೆ. ರಾಣಿ ಊರುಗಳನ್ನೇ ಕೊಡುತ್ತಾಳೆ, ವಿನಾಪೋಟಿ ಹೊಲ ಕೊಡುತ್ತಾಳೆ. ರಾಣಿಯ ಮಾತು ಸಂಸ್ಕೃತದಲ್ಲಿ, ವಿನಾಪೋಟಿಯದು ಕನ್ನಡದಲ್ಲಿ. ಇಬ್ಬರ ನಡುವಿನ ಅಂತರ ಅಲ್ಲಿದೆ.

"ಪ್ರಾಣವಲ್ಲಭೆ" ಬರೇ ಬಿರುದು ಎನ್ನುವುದಕ್ಕೆ ನನ್ನ ಉತ್ತರ ಇಷ್ಟು: ಬಿರುದಾದರೂ ಅದನ್ನು ಚಕ್ರವರ್ತಿಯ ಹೆಸರಿಗೆ ಅಂಟಿಸಿ, ಅವನ ಮನೆತನದ ಗುಡಿಯ ಕಂಬದ ಮೇಲೆ, ಎಲ್ಲರೂ ಒಳಗೆ ಹೋಗುವ ದಾರಿಯಲ್ಲಿ ಕೆತ್ತಿಸಲಾಗಿದೆ. ಅವನಿಗೆ ಇಷ್ಟವಿಲ್ಲದೆ ಆ ಮಾತು ಅಲ್ಲಿ ನಿಲ್ಲುತ್ತಿರಲಿಲ್ಲ.

ಸೂಳೆ ಎಂಬ ಶಬ್ದದ ಬಗ್ಗೆ: ತೆಗೆಯಬೇಡಿ, ಆದರೆ ಪಾತ್ರಗಳ ಬಾಯಲ್ಲಿ ಬೈಗುಳವಾಗಿ ಒಮ್ಮೆಯೂ ಬರಕೂಡದು. ಸೂತ್ರಧಾರ ಮೊದಲ ದೃಶ್ಯದಲ್ಲೇ ಶಾಸನದ ಸಾಲನ್ನು ಹಾಗೇ ಓದಲಿ, "ಗಳ್" ಅಂದರೆ ಗೌರವ ಎಂದು ಒಂದೇ ವಾಕ್ಯದಲ್ಲಿ ತಿಳಿಸಲಿ. ಹನ್ನೆರಡನೇ ಶತಮಾನದ ಶರಣೆಯೊಬ್ಬರನ್ನು ನಾವು ಇಂದಿಗೂ ಸೂಳೆ ಸಂಕವ್ವೆ ಎಂದೇ ಕರೆಯುತ್ತೇವೆ, ಹುನಗುಂದ ತಾಲೂಕಿನ ಊರಿನ ಹೆಸರು ಸೂಳೇಬಾವಿ ಎಂದೇ ಇದೆ. ಜಾತ್ರೆಗೆ ಬಂದ ಹೆಂಗಸರು ಇದನ್ನು ತಪ್ಪು ತಿಳಿಯುವುದಿಲ್ಲ. ಪಿಸುಗುಟ್ಟಿ, ನಾಚಿಕೊಂಡು ಹೇಳಿದರೆ ಮಾತ್ರ ಅದು ಬೈಗುಳವಾಗುತ್ತದೆ.

ಮಲಪ್ರಭಾ ದಂಡಿ

ಆತ್ರಿ, ಹಾರೂ ದೃಶ್ಯ ತಗದೆ. ಕಥಿ ವಿನಾಪೋಟಿದು. ಮೂರು ಹೆಣ್ಣು ಪಾತ್ರ ಅಜ್ಜಿ, ಅವ್ವ, ಮಗಳು. ಕುಂಡದೊಳಗ ಇಳಿಯೂದು ಕಡೀ ದೃಶ್ಯ, ಐದು ಉಸಿರಿನಷ್ಟು ಹೊತ್ತು ರಂಗದ ಮ್ಯಾಲೆ ಯಾರೂ ಮಾತಾಡಂಗಿಲ್ಲ. ರಂಭಾನ್ನ ಮುಂದಿನ ವರ್ಷಕ್ಕ ಇಡ್ತೀನಿ, ಆ ಗೆಜ್ಜಿ ಮಾತು ಬಿಡಾಕ ಮನಸ್ಸಿಲ್ಲ. ಮಹಾಕೂಟಕ್ಕ ಈ ವಾರನ ಹೋಗ್ತೀವಿ. ಮಂಗಲೇಶನ ಕಂಬ ಅಲ್ಲಿ ಎಲ್ಲೈತ್ರಿ, ಗುಡಿ ಒಳಗೋ ಹೊರಗೋ?

ಗುಮ್ಮಟದ ಓಣಿ

ಅದು ಮಹಾಕೂಟದಾಗ ಇಲ್ಲರಿ, ನಮ್ಮ ಕಡೆ ಅದ. ಗೋಲಗುಮ್ಮಟದ ಮುಂದಿನ ನಗಾರಖಾನೆಯೊಳಗಿನ ವಸ್ತುಸಂಗ್ರಹಾಲಯಕ್ಕ ತಂದು ಇಟ್ಟಾರ. ಬಾದಾಮಿಯಿಂದ ವಿಜಯಪುರಕ್ಕ ರೈಲು ಅದ, ಗದಗ ಸೊಲ್ಲಾಪುರ ದಾರಿದು. ಹುಡುಗ್ಯಾರನ್ನ ಮೂರೂ ಮಂದಿನ್ನ ಕರಕೊಂಡು ಬರ್ರಿ. ಮೊದಲು ಮಹಾಕೂಟದಾಗ ವಿನಾಪೋಟಿ ಕಂಬ ನೋಡಿ, ಮರುದಿನ ಇಲ್ಲಿ ದುರ್ಲಭದೇವಿ ಕಂಬ ನೋಡ್ರಿ. ಅಲ್ಲಿಂದ ಹೊರಗ ಬಂದ್ರ ಎದುರಿಗೇ ಗುಮ್ಮಟ, ಒಳಗ ರಂಭಾ ಅದಾಳ. ಗ್ಯಾಲರಿ ಕೇಳೂದಿದ್ರ ಮುಂಜಾನಿ ಲಗೂನ ಹತ್ತರಿ, ಹತ್ತು ಗಂಟೆ ಆದಮ್ಯಾಲೆ ಸಾಲಿ ಹುಡುಗರ ಕೂಗಿನ್ಯಾಗ ಗೆಜ್ಜಿ ಏನು, ಗಂಟಿ ಬಾರಿಸಿದ್ರೂ ಕೇಳೂದಿಲ್ಲ. ಸಂಗ್ರಹಾಲಯ ಶುಕ್ರವಾರ ಬಂದ್ ಇರ್ತದ, ಆ ದಿನ ಬಿಟ್ಟು ಬರ್ರಿ.